ಪುಟದ ಕೆಳಗೊಂದು ಕೂದಲು

ಜೂನ್ 3, ಸೋಮವಾರ

ಬರೆಯಲು ಹೇಳಿದ್ದಾರೆ, ಬರೆಯುತ್ತಿದ್ದೇನೆ. ಕೈಯ ಡಾಕ್ಟರು ಇವತ್ತು ಕೊನೆಯ ಪಟ್ಟಿ ಬಿಚ್ಚಿ, "ದಿನಾ ಬಲಗೈಯಲ್ಲೇ ಒಂದಿಷ್ಟು ಬರೀರಿ. ಏನಾದ್ರೂ ಬರೀರಿ, ನನಗೆ ಬೈದು ಬರೆದ್ರೂ ಪರವಾಗಿಲ್ಲ. ಬೆರಳು ಬಗ್ಗಬೇಕು ಅಷ್ಟೇ" ಎಂದರು. ಹಾಗಾಗಿ ಇದನ್ನು ದಿನಚರಿ ಅನ್ನುವುದಕ್ಕಿಂತ ಕೈ ಕಸರತ್ತು ಅನ್ನುವುದೇ ಸರಿ. ಯಾರೂ ಓದುವಂಥದ್ದಲ್ಲ.

ಅಭ್ಯಾಸಬಲ, ರೋಗಿಯ ವಿವರದಿಂದಲೇ ಶುರು ಮಾಡುತ್ತೇನೆ. ಹೆಣ್ಣು. ವಯಸ್ಸು ಐವತ್ತಮೂರು. ಕಸುಬು, ಪಶುವೈದ್ಯಕೀಯ ಕಾಲೇಜಿನಲ್ಲಿ ಮೂರನೇ ವರ್ಷದವರಿಗೆ ನಾಯಿ ಬೆಕ್ಕುಗಳನ್ನು ಮುಟ್ಟಿ, ನೋಡಿ, ಕೇಳಿ ತಪಾಸಣೆ ಮಾಡುವುದನ್ನು ಕಲಿಸುವುದು. ದೂರು, ಬಲಗೈಯ ತೋರುಬೆರಳು ಮತ್ತು ನಡುಬೆರಳಿಗೆ ಬೆಕ್ಕು ಕಚ್ಚಿದ್ದು. ಕಚ್ಚಿದ್ದು ಪಾಠದ ನಡುವೆ. ಬೆಕ್ಕಿನ ಬಾಯಿ ತೆರೆದು ನಾಲಿಗೆ ಎತ್ತಿ ನೋಡುವುದು ಹೇಗೆಂದು ತೋರಿಸುತ್ತಿದ್ದೆ. "ಹೀಗೆ ಹಿಡಿದ್ರೆ ಯಾವ ಬೆಕ್ಕೂ ಕಚ್ಚೋದಿಲ್ಲ" ಎಂಬ ಮಾತು ಮುಗಿಯುವ ಮೊದಲೇ ಕಚ್ಚಿತು. ಇಡೀ ಬ್ಯಾಚು ನೋಡಿತು. ಒಬ್ಬರೂ ನಗಲಿಲ್ಲ. ನಕ್ಕಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಆಮೇಲೆ ಬಾವು, ಜ್ವರ, ಬೆರಳು ಕೊಯ್ದು ತೊಳೆದದ್ದು. ಈಗ ಗಾಯ ಮಾಗಿದೆ. ಬೆರಳು ಬಗ್ಗುತ್ತದೆ, ಪೆನ್ನು ಹಿಡಿಯುತ್ತದೆ. ಆದರೆ ಎರಡೂ ಬೆರಳ ತುದಿಗೆ ಸ್ಪರ್ಶವಿಲ್ಲ. ನರ ಮತ್ತೆ ಚಿಗುರಬಹುದು, ಚಿಗುರದೆಯೂ ಇರಬಹುದು. "ಕಾದು ನೋಡೋಣ" ಎಂದರು. ನಾಯಿ ತಂದವರಿಗೆ ನಾನು ಮೂವತ್ತು ವರ್ಷದಿಂದ ಹೇಳಿಕೊಂಡು ಬಂದಿರುವ ಮಾತು ಅದು. ಕೇಳಿಸಿಕೊಳ್ಳುವ ಕಡೆ ಕುಳಿತಾಗ ಎಷ್ಟು ಪೊಳ್ಳು ಎಂದು ಗೊತ್ತಾಯಿತು.

ವಿಭಾಗದ ಮುಖ್ಯಸ್ಥರನ್ನು ನಾವೆಲ್ಲ ಹೆಡ್ಡು ಎನ್ನುತ್ತೇವೆ, ಅವರಿಗೂ ಗೊತ್ತು. ಕಾಲೇಜಿನ ಬಾಗಿಲಲ್ಲೇ ಸಿಕ್ಕಿ, "ಕೈ ಸರಿಹೋಗದಿದ್ರೆ ತಲೆ ಕೆಡಿಸ್ಕೋಬೇಡಿ ಮೇಡಂ. ಪರೀಕ್ಷಾ ವಿಭಾಗದಲ್ಲಿ ಒಂದು ಮೇಜು ಖಾಲಿ ಇದೆ, ಫ್ಯಾನ್ ಕೆಳಗೆ" ಎಂದರು. ಬೆರಳ ತುದಿಯಲ್ಲಿ ಕಣ್ಣಿರುವವಳು ಎಂದು ಕಾಲೇಜಿನಲ್ಲಿ ಹೆಸರು ಮಾಡಿದವಳಿಗೆ ಫ್ಯಾನ್ ಕೆಳಗಿನ ಮೇಜು. "ಸರಿಹೋಗಿದೆ ಸರ್" ಎಂದೆ.

ಜೂನ್ 5, ಬುಧವಾರ

ನನ್ನ ಗುರುಗಳು ಕಲಿಸಿದ ಆಟ ಒಂದಿದೆ. ಪುಸ್ತಕದ ಹಾಳೆಯ ಕೆಳಗೆ ಒಂದು ಕೂದಲಿಟ್ಟು, ಕಣ್ಣು ಮುಚ್ಚಿ, ಮೇಲಿನಿಂದ ಬೆರಳಾಡಿಸಿ ಅದು ಎಲ್ಲಿದೆ ಎಂದು ಹುಡುಕಬೇಕು. ಸಿಕ್ಕರೆ ಇನ್ನೊಂದು ಹಾಳೆ ಹೊದಿಸಬೇಕು. ಬೆರಳು ಪಳಗುವುದು ಹೀಗೆ. ಪ್ರತಿ ಬ್ಯಾಚಿಗೂ ಮೊದಲ ವಾರ ನಾನು ಆಡಿಸುವುದೂ ಇದನ್ನೇ.

ಕೂದಲಿಗಾಗಿ ಇವರ ತಲೆಗೆ ಕೈ ಹಾಕಿದೆ. "ಇರೋದೇ ನಾಲ್ಕು ಡಾಕ್ಟ್ರೇ, ಅದರಲ್ಲೊಂದು ನಿನ್ನ ವಿಜ್ಞಾನಕ್ಕೆ" ಎಂದು ತಲೆ ಬಗ್ಗಿಸಿದರು. ಇವರು ಅಚ್ಚಿನ ಮನೆಯಲ್ಲಿ ಕರಡು ತಿದ್ದುವವರು. ಇಡೀ ದಿನ ಬೇರೆಯವರ ತಪ್ಪು ಹುಡುಕಿ ಸುಸ್ತಾಗಿರುತ್ತಾರೆ, ಹಾಗಾಗಿ ಮನೆಯಲ್ಲಿ ಹುಡುಕುವುದಿಲ್ಲ. ಬೆರಳು ಸ್ವಲ್ಪ ಜುಂ ಎನ್ನುತ್ತದೆ ಎಂದಷ್ಟೇ ಇವರಿಗೆ ಹೇಳಿದ್ದೇನೆ.

ಈ ಪುಟದ ಕೆಳಗೇ ಇಟ್ಟು ನೋಡಿದೆ. ಒಂದೇ ಹಾಳೆ. ಏನೂ ಇಲ್ಲ. ಹಾಳೆಯೂ ಇಲ್ಲ ಅನ್ನುವಷ್ಟು ಇಲ್ಲ.

ಎಡಗೈಗೆ ತಕ್ಷಣ ಸಿಕ್ಕಿತು. ಆದರೆ ಅದು ಇಷ್ಟು ವರ್ಷ ಪ್ರಾಣಿಯನ್ನು ಹಿಡಿದುಕೊಂಡೇ ಬಂದ ಕೈ. ಒಳಗೇನಿದೆ ಎಂದು ಅದನ್ನು ಯಾರೂ ಕೇಳಿದವರಿಲ್ಲ. ಮೊನ್ನೆ ಅದರಿಂದ ನಾಯಿಯ ಹೊಟ್ಟೆ ಮುಟ್ಟಿ ನೋಡಿದರೆ ಅರ್ಥವಾಗದ ಭಾಷೆಯ ರೇಡಿಯೋ ಕೇಳಿದ ಹಾಗಾಯಿತು.

ಜೂನ್ 10, ಸೋಮವಾರ

ಮತ್ತೆ ತರಗತಿ. ತಪಾಸಣೆ ಕೋಣೆ ಇದ್ದ ಹಾಗೇ ಇದೆ: ಉಕ್ಕಿನ ಮೇಜು, ಅದರ ಮೇಲೆ ಅಂಚು ಹರಿದ ರಬ್ಬರ್ ಚಾಪೆ, ಮೂಲೆಯಲ್ಲಿ ಕೈತೊಳೆಯುವ ಬೇಸಿನ್, ಸ್ಪಿರಿಟ್ಟಿನ ವಾಸನೆ. ರೋಗಿ, ಕಾಲೇಜಿನ ಕಾವಲುಗಾರನ ಹೆಣ್ಣು ನಾಯಿ. ಅದರ ಮೈಯಲ್ಲಿ ಕಾಯಿಲೆ ಇಲ್ಲ, ಕೊಬ್ಬಿದೆ. ಮೇಜಿನ ಮೇಲೆ ನಿಂತು ನಿದ್ದೆ ಮಾಡುವುದರಲ್ಲಿ ಅದನ್ನು ಮೀರಿಸಿದವರಿಲ್ಲ.

ನನ್ನ ಪಾಠದ ಕ್ರಮ ಹಳೆಯದು. ಮೊದಲು ಕೈ ಕಟ್ಟಿಕೊಂಡು ದೂರದಿಂದ ನೋಡು. ಹೇಗೆ ನಿಂತಿದೆ, ಹೇಗೆ ಉಸಿರಾಡುತ್ತಿದೆ, ತಂದವರು ಹೇಗಿದ್ದಾರೆ. ಆಮೇಲೆ ಮುಟ್ಟು, ಮೂಗಿನಿಂದ ಬಾಲದವರೆಗೆ. ಇವತ್ತು ಅದರಲ್ಲೊಂದು ತಿದ್ದುಪಡಿ ಮಾಡಿದೆ. ಬಾಯಿಯನ್ನು ಕೊನೆಗೆ ಇಟ್ಟೆ, ಅದೂ ಅಗತ್ಯ ಬಿದ್ದರೆ. ಮೊದಲಿಗೇ ಬಾಯಿಗೆ ಕೈ ಹಾಕಿದರೆ ಪ್ರಾಣಿ ಗಾಬರಿಯಾಗುತ್ತದೆ, ಆಮೇಲೆ ಎದೆಬಡಿತ ಎಣಿಸಿದರೂ ಪ್ರಯೋಜನವಿಲ್ಲ. ಪ್ರಾಣಿಯ ನೆಮ್ಮದಿ ಮುಖ್ಯ. ಇಷ್ಟು ವರ್ಷ ಇದೇಕೆ ಹೊಳೆಯಲಿಲ್ಲವೋ. ಎಲ್ಲರೂ ಬರೆದುಕೊಂಡರು.

ಈ ಬ್ಯಾಚಿನಲ್ಲಿ ನನಗೆ ಭರವಸೆ ಇರುವುದು ಒಬ್ಬ ಹುಡುಗನ ಮೇಲೆ. ಅವನಿಗೆ ಗಡಿಬಿಡಿ ಎಂದು ಹೆಸರಿಟ್ಟಿದ್ದೇನೆ. ಬೇರೆಯವರು ಸ್ಟೆತಾಸ್ಕೋಪ್ ಕಿವಿಗೆ ಸಿಕ್ಕಿಸುವಷ್ಟರಲ್ಲಿ ಇವನ ತಪಾಸಣೆ ಮುಗಿದಿರುತ್ತದೆ. ಇನ್ನೊಬ್ಬಳು ಪಿಸುಮಾತು. ಅವಳು ಹೇಳಿದ್ದು ಅವಳಿಗೇ ಕೇಳಿಸುತ್ತದೋ ಇಲ್ಲವೋ. ಮುಟ್ಟಿದ್ದನ್ನೇ ಮುಟ್ಟುತ್ತಾ ನಿಲ್ಲುತ್ತಾಳೆ. ಹೋದ ಸಲದ ಪರೀಕ್ಷೆಯಲ್ಲಿ ಅರ್ಧಕ್ಕೇ ಗಂಟೆ ಹೊಡೆದು ಫೇಲಾದಳು.

ಗಡಿಬಿಡಿ ಹೊಟ್ಟೆ ಮುಟ್ಟಿ, "ಎಲ್ಲಾ ನಾರ್ಮಲ್ ಮೇಡಂ" ಎಂದ. ಮೊದಲಾದರೆ ನಾನೂ ಮುಟ್ಟಿ, ಹೌದು ಅಥವಾ ಅಲ್ಲ ಎಂದು ಮುಗಿಸುತ್ತಿದ್ದೆ. ಇವತ್ತೂ ಮುಟ್ಟಿದೆ. ದಪ್ಪ ಕಂಬಳಿ ಹೊದ್ದ ದಿಂಬು. ಬೇರೆ ದಾರಿ ಕಾಣದೆ, "ನಾರ್ಮಲ್ ಅನ್ನೋದು ಯಾವ ಅಂಗ? ಕೈಗೆ ಏನು ಸಿಗ್ತಿದೆ, ಅದನ್ನ ಹೇಳು" ಎಂದೆ. ಅವನು ಬ್ಬೆಬ್ಬೆ ಎಂದ. ಎಲ್ಲರನ್ನೂ ಹಾಗೇ ಕೇಳಬೇಕಾಯಿತು. ತರಗತಿ ಮುಗಿಯುವುದು ತಡವಾಯಿತು.

ಜೂನ್ 14, ಶುಕ್ರವಾರ

ಹಾಲಿನ ಪಾತ್ರೆ ಹಿಡಿದಿದ್ದೆ. ಇವರು ಓಡಿ ಬಂದು ಕೈ ಎಳೆದರು. ವಾಸನೆ ಬಂದಮೇಲೆ ಗೊತ್ತಾಯಿತು, ಸುಟ್ಟದ್ದು ನನ್ನ ಬೆರಳು. ಇವರು ಒಲೆ ಆರಿಸಿ ಮುಲಾಮು ಹಚ್ಚಿದರು.

ಜೂನ್ 19, ಬುಧವಾರ

ಇತ್ತೀಚೆಗೆ ಬೆಳಗಿನ ಹಾಲು ಇವರೇ ಕಾಯಿಸುತ್ತಿದ್ದಾರೆ. ಬಿಸಿ ಪಾತ್ರೆ ಯಾವುದನ್ನೂ ಬಿಡುತ್ತಿಲ್ಲ. ವಯಸ್ಸಾಗುತ್ತಾ ಗಂಡಸರಿಗೆ ಅಡುಗೆಮನೆಯ ಹುಚ್ಚು ಹತ್ತುತ್ತದೆ ಎಂದು ಕೇಳಿದ್ದೆ, ನಿಜವೇ ಇರಬೇಕು.

ಇವತ್ತು ಬೆಕ್ಕಿನ ಹೊಟ್ಟೆ. ಒಂದೇ ಕೈಯಲ್ಲಿ, ಹೆಬ್ಬೆರಳು ಒಂದು ಕಡೆ, ಮಿಕ್ಕ ಬೆರಳು ಇನ್ನೊಂದು ಕಡೆ, ನಡುವೆ ಇಡೀ ಹೊಟ್ಟೆ. ಪಿಸುಮಾತಿನ ಸರದಿ ಬಂದಾಗ ಏನು ಹೇಳುತ್ತಿದ್ದಾಳೆಂದು ಕೇಳಲು ಅವಳ ಪಕ್ಕಕ್ಕೇ ಹೋಗಿ ಕಿವಿ ಕೊಡಬೇಕಾಯಿತು. "ಮೂತ್ರಪಿಂಡ ಮೇಡಂ. ಒದ್ದೆ ಸೋಪು ಇದ್ದ ಹಾಗಿದೆ. ಹಿಡಿಯೋಕೆ ಹೋದ್ರೆ ಜಾರುತ್ತೆ, ಬಿಟ್ರೆ ಅಲ್ಲೇ ಇರುತ್ತೆ." ನಾನು ಕಣ್ಣು ಮುಚ್ಚಿದೆ. ಕಾಣಿಸಿತು. ಎಷ್ಟೋ ದಿನದ ಮೇಲೆ ಒಂದು ಮೂತ್ರಪಿಂಡ ಕೈಗೆ ಸಿಕ್ಕಿದ ಹಾಗಾಗಿ ಸಂತೋಷವಾಯಿತು.

"ಮೂತ್ರಕೋಶ?"

"ನೀರು ತುಂಬಿದ ಬಲೂನು. ಪೂರ್ತಿ ತುಂಬಿಲ್ಲ. ಇನ್ನೂ ಗಂಟು ಹಾಕ್ಬಹುದು."

ಎಲ್ಲರೂ ನಕ್ಕರು. ಆಮೇಲೆ ಒಬ್ಬೊಬ್ಬರೂ ಹೋಲಿಕೆ ಹುಡುಕಲು ಶುರು ಮಾಡಿದರು. ಗಡಿಬಿಡಿಯೂ ಕೈ ನಿಧಾನ ಮಾಡಿದ. ಈ ಬ್ಯಾಚು ವಿಪರೀತ ಮಾತಾಡುತ್ತದೆ. ಹಿಂದಿನವರು ಇಷ್ಟು ಮಾತಾಡುತ್ತಿರಲಿಲ್ಲ, ನಾನು ಹೇಳುತ್ತಿದ್ದೆ, ಅವರು ತಲೆಯಾಡಿಸುತ್ತಿದ್ದರು. ಮಾತಿನಲ್ಲೇ ಹೊತ್ತು ಮುಗಿದು ಬಾಯಿ ಪರೀಕ್ಷೆ ಇವತ್ತೂ ಉಳಿಯಿತು.

ಜೂನ್ 25, ಮಂಗಳವಾರ

ಒಂದು ಹಾಳೆ. ಇಲ್ಲ.

ಜುಲೈ 2, ಮಂಗಳವಾರ

ಮೇಜಿನ ಮೇಲಿದ್ದ ಬೆಕ್ಕು ಆಕಳಿಸಿತು. ಅಷ್ಟೇ, ಆಕಳಿಕೆ. ನಾನು ಹಿಂದಕ್ಕೆ ಸರಿದೆ, ಸೊಂಟಕ್ಕೆ ಬೇಸಿನ್ ಬಡಿಯಿತು. ಬೇಸಿನ್ನನ್ನು ಅಲ್ಲಿ ಯಾವ ಜಾಣ ಇಟ್ಟನೋ. ಪಿಸುಮಾತು ನನ್ನನ್ನು ನೋಡಿ, ಆಮೇಲೆ ಬೇಸಿನ್ ನೋಡಿ, ಬೆಕ್ಕಿನ ಮುಖವನ್ನು ತನ್ನ ಕಡೆಗೆ ತಿರುಗಿಸಿಕೊಂಡಳು.

ಹೆಡ್ಡು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಎಷ್ಟು ಹೊತ್ತಿನಿಂದಲೋ. "ಕೈ ಹೇಗಿದೆ?" "ಚೆನ್ನಾಗಿದೆ ಸರ್." ಸುಳ್ಳು ಈಗ ಬೆರಳಿಗಿಂತ ಸಲೀಸಾಗಿ ಬಗ್ಗುತ್ತದೆ.

ನನ್ನ ಸ್ಟೆತಾಸ್ಕೋಪ್ ಇಡುವ ಬಟ್ಟೆ ಚೀಲಕ್ಕೆ ಲಾಡಿ ಇದೆ. ಗಂಟು ಹಾಕಲು ಬೆರಳಿಗೆ ಬರುವುದಿಲ್ಲ, ತೆರೆದೇ ಒಯ್ಯುತ್ತಿದ್ದೆ. ಕೆಲವು ದಿನಗಳಿಂದ ಬೆಳಗ್ಗೆ ಎದ್ದು ನೋಡಿದರೆ ಕಟ್ಟಿರುತ್ತದೆ. ಎಳೆದರೆ ಬಿಚ್ಚುವ ಗಂಟು.

ಜುಲೈ 11, ಗುರುವಾರ

ಕೇಸು: ಬೂದು ಬಣ್ಣದ ಹೆಣ್ಣು ಬೆಕ್ಕು, ವರ್ಷದ ಪ್ರಾಯ. ಊಟ ಬಿಟ್ಟಿದೆ, ನಿನ್ನೆಯಿಂದ ವಾಂತಿ. ತಂದವರು ಒಬ್ಬ ಟೈಲರ್, ಅರವತ್ತರ ಆಸುಪಾಸು. ಬೆಕ್ಕನ್ನು "ನಮ್ಮ ಅಂಗಡಿ ಯಜಮಾನಿ" ಎಂದು ಪರಿಚಯಿಸಿದರು. "ಅವಳು ಕೂತ ಬಟ್ಟೆ ನಾನು ಹೊಲಿಯೋ ಹಾಗಿಲ್ಲ, ಎದ್ದಮೇಲೇ ಹೊಲಿಬೇಕು. ಈಗ ಎರಡು ದಿನದಿಂದ ಮಿಷನ್ ಕೆಳಗಿಂದ ಎದ್ದೇ ಇಲ್ಲ ನೋಡಿ" ಎಂದರು. ಅಂಗಿಯ ತೋಳಿಗೆ ನೀಲಿ ದಾರದ ತುಂಡುಗಳು ಅಂಟಿಕೊಂಡಿದ್ದವು. ದೂರದಿಂದ ನೋಡುವುದರಲ್ಲಿ ನಾನು ಇನ್ನೂ ಯಾರಿಗೂ ಕಡಿಮೆ ಇಲ್ಲ.

ಹೊಟ್ಟೆ ಮುಟ್ಟಿದ್ದು ಪಿಸುಮಾತು. ತುಂಬಾ ಹೊತ್ತು ಮುಟ್ಟಿದಳು. "ಏನು ಸಿಗ್ತಿದೆ?" ಎಂದೆ.

"ಕರುಳು ಮೇಡಂ. ಆದ್ರೆ ಉದ್ದಕ್ಕೆ ಇಲ್ಲ. ಎಲ್ಲಾ ಒಂದು ಕಡೆ ಕುಗ್ಗಿಕೊಂಡಿದೆ. ಲಾಡಿ ಎಳೆದ ಚೀಲದ ಬಾಯಿ ಇರುತ್ತಲ್ಲ, ಹಾಗೆ. ಮುಟ್ಟಿದ್ರೆ ಅದಕ್ಕೆ ನೋವಾಗ್ತಿದೆ."

ಯಾರೋ ಕಿಸಕ್ಕೆಂದರು. ಟೈಲರ್ ನನ್ನ ಮುಖ ನೋಡಿದರು, ಬ್ಯಾಚು ನನ್ನ ಮುಖ ನೋಡಿತು. ನಾನು ಮುಟ್ಟಿದೆ. ಏನೂ ಇಲ್ಲ. ಗಟ್ಟಿ ಇದೆಯೋ ಮೆತ್ತಗಿದೆಯೋ ಅದೂ ಇಲ್ಲ. ಬೆಕ್ಕು ಬಾಯಿ ತೆರೆದು ನನ್ನ ಕಡೆ ತಿರುಗಿತು, ಕೈ ತೆಗೆದೆ. "ಗಟ್ಟಿ ಮಲ. ಕರುಳಲ್ಲಿ ಕಟ್ಟಿಕೊಂಡಿದೆ. ಮೊದಮೊದಲು ಎಲ್ಲರೂ ಇಲ್ಲೇ ಮೋಸ ಹೋಗೋದು" ಎಂದೆ. ಗಡಿಬಿಡಿ ಬರೆದುಕೊಂಡ. ಮಲ ಸಡಿಲವಾಗಲು ಔಷಧಿ ಕೊಟ್ಟು ಕಳಿಸಿದೆವು. ಟೈಲರ್ ಎರಡೆರಡು ಸಲ ಕೈ ಮುಗಿದರು.

ಕೋಣೆ ಖಾಲಿಯಾದ ಮೇಲೂ ಪಿಸುಮಾತು ಬೇಸಿನ್ ಹತ್ತಿರ ನಿಂತು ಕೈ ತೊಳೆಯುತ್ತಿದ್ದಳು. ತೊಳೆದು ಒರೆಸಿ ಬೆರಳುಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. "ಸಾರಿ ಮೇಡಂ" ಎಂದು ಹೋದಳು. ಯಾತಕ್ಕೆ ಸಾರಿ ಎಂದು ಕೇಳಬಹುದಿತ್ತು.

ಜುಲೈ 12, ಶುಕ್ರವಾರ

ಇವತ್ತಿನದನ್ನು ನಾನು ತರಗತಿಯಲ್ಲಿ ಹೇಳುವ ಹಾಗೆ, ಮೂಗಿನಿಂದ ಬಾಲದವರೆಗೆ, ಏನನ್ನೂ ಹಾರಿಸದೆ ಬರೆಯಬೇಕು.

ಬೆಳಗ್ಗೆ ಬೇಗ ಎದ್ದಿದ್ದೆ. ಅಡುಗೆಮನೆಯಲ್ಲಿ ಇವರು ನನಗೆ ಬೆನ್ನು ಹಾಕಿ ನಿಂತು ನನ್ನ ಚೀಲ ಕಟ್ಟುತ್ತಿದ್ದರು. ಲಾಡಿಯ ಎರಡೂ ತುದಿ ಹಿಡಿದು ಎಳೆದರು. ಅಗಲವಾಗಿದ್ದ ಚೀಲದ ಬಾಯಿ ಮಡಿಕೆ ಮಡಿಕೆಯಾಗಿ ಕುಗ್ಗಿ ಒಂದು ಮುಷ್ಟಿಯಾಯಿತು.

ನಿನ್ನೆ ಪಿಸುಮಾತು ಹೇಳಿದ್ದು ಇದನ್ನೇ. ಚೀಲದ ಬಾಯಿ ಸುಮ್ಮನೆ ಕುಗ್ಗುವುದಿಲ್ಲ. ಒಳಗೊಂದು ದಾರ ಬೇಕು, ಅದರ ತುದಿ ಎಲ್ಲಾದರೂ ಸಿಕ್ಕಿಕೊಂಡಿರಬೇಕು. ನೀಲಿ ದಾರ. ಬೆಕ್ಕು ದಾರ ನುಂಗಿದರೆ ಅದರ ಒಂದು ತುದಿ ನಾಲಿಗೆಯ ಬುಡಕ್ಕೆ ಸುತ್ತಿಕೊಂಡು ಅಲ್ಲೇ ನಿಲ್ಲುತ್ತದೆ. ಮಿಕ್ಕದ್ದನ್ನು ಕರುಳು ಒಳಕ್ಕೆ ಎಳೆಯುತ್ತಾ ಹೋಗುತ್ತದೆ, ದಾರ ಬರುವುದಿಲ್ಲ, ಕರುಳೇ ದಾರದ ಮೇಲೆ ಕುಗ್ಗಿಕೊಂಡು ಬರುತ್ತದೆ. ಬಿಟ್ಟರೆ ದಾರ ಕರುಳನ್ನು ಕೊಯ್ಯುತ್ತದೆ. ವಾಂತಿ ಮಾಡುವ ಬೆಕ್ಕಿನ ನಾಲಿಗೆ ಎತ್ತಿ ನೋಡದೆ ಮನೆಗೆ ಕಳಿಸಬೇಡಿ ಎಂದು ಮೂವತ್ತು ವರ್ಷ ಹೇಳಿದವಳು ನಾನು. ಅದನ್ನು ಕೊನೆಗೆ ತಳ್ಳಿ, ಆಮೇಲೆ ಕೈಬಿಟ್ಟವಳೂ ನಾನೇ. ಮೇಲಿಂದ ಮಲ ಸಡಿಲಿಸುವ ಔಷಧಿ ಬೇರೆ ಕೊಟ್ಟು ಆ ಕರುಳನ್ನು ಇನ್ನಷ್ಟು ಜಗ್ಗಿಸಿದ್ದೆ.

ಕಾಲೇಜಿಗೆ ಓಡಿದೆ. ಕೇಸ್ ಪೇಪರಿನಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಟೈಲರ್ ಒಂದೇ ರಿಂಗಿಗೆ ಎತ್ತಿದರು. "ನಿಮಗೇ ಮಾಡೋಣ ಅಂತಿದ್ದೆ ಡಾಕ್ಟ್ರಮ್ಮ. ತಲೆ ಎತ್ತುತ್ತಿಲ್ಲ."

ಅವರು ಬರುವಷ್ಟರಲ್ಲಿ ಬ್ಯಾಚು ಬಂದಿತ್ತು. ಬೆಕ್ಕನ್ನು ಮೇಜಿನ ಮೇಲೆ ಮಲಗಿಸಿದರು, ಮಲಗಿದ ಹಾಗೇ ಇತ್ತು. ನಾನು ಹೇಳಬೇಕಾದದ್ದನ್ನು ಹೇಳಿದೆ. "ನಿನ್ನೆ ನಾನು ಹೇಳಿದ್ದು ತಪ್ಪು. ನನ್ನ ಈ ಎರಡು ಬೆರಳಿಗೆ ಸ್ಪರ್ಶ ಇಲ್ಲ. ಆವತ್ತು ಬೆಕ್ಕು ಕಚ್ಚಿದಾಗಿನಿಂದಲೂ ಇಲ್ಲ. ನಿನ್ನೆ ನನಗೆ ಹೊಟ್ಟೆಯಲ್ಲಿ ಏನೂ ಗೊತ್ತಾಗಲಿಲ್ಲ. ಗೊತ್ತಾದದ್ದು ಇವಳಿಗೆ." ಟೈಲರ್‌ಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವರು ಬೆಕ್ಕಿನ ಕಡೆ ನೋಡಿದರು, ನನ್ನ ಕಡೆ ನೋಡಲಿಲ್ಲ.

"ಬಾಯಿ ತೆಗೆದು ನಾಲಿಗೆ ಕೆಳಗೆ ನೋಡಬೇಕು" ಎಂದೆ. ಯಾರೂ ಮುಂದೆ ಬರಲಿಲ್ಲ. ಬರುವುದು ಹೇಗೆ? ಈ ಬ್ಯಾಚಿಗೆ ನಾನು ಅದನ್ನು ಕಲಿಸಿಯೇ ಇಲ್ಲ. ಅವರು ಕಂಡದ್ದು ಒಂದೇ ಸಲ, ಆ ಸಲ ಕಂಡದ್ದು ರಕ್ತ.

ನಾನೇ ಹೋದೆ. ಎಡಗೈಯಿಂದ ಬೆಕ್ಕಿನ ತಲೆಯನ್ನು ಮೇಲಿನಿಂದ ಹಿಡಿದೆ. ಬಲಗೈಯ ನಡುಬೆರಳನ್ನು ಕೆಳಗಿನ ಸಣ್ಣ ಹಲ್ಲುಗಳ ಮೇಲಿಟ್ಟು ದವಡೆ ಇಳಿಸಬೇಕು, ಹೆಬ್ಬೆರಳಿನಿಂದ ಗದ್ದದ ಕೆಳಗೆ ಒತ್ತಿದರೆ ನಾಲಿಗೆ ಏಳುತ್ತದೆ. ಸಾವಿರ ಸಲ ಮಾಡಿದ ಕೆಲಸ. ಕೈ ಬೆಕ್ಕಿನ ಮೂತಿಯಿಂದ ಒಂದು ಗೇಣು ದೂರದಲ್ಲಿ ನಿಂತಿತು, ಮುಂದಕ್ಕೆ ಹೋಗಲಿಲ್ಲ. ನನಗೆ ಹೆದರಿಕೆಯಾಗಿತ್ತು. ಹಲ್ಲು ಕಂಡರೆ ಹೆದರಿಕೆ. ಬಾಯಿಯನ್ನು ಕೊನೆಗೆ ಇಟ್ಟದ್ದು ಯಾವ ಪ್ರಾಣಿಯ ನೆಮ್ಮದಿಗೂ ಅಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎನ್ನುತ್ತಾರೆ. ನನಗೆ ಬೇಕಾಯಿತು.

ಪಿಸುಮಾತು ಪಕ್ಕದಲ್ಲಿ ಬಂದು ನಿಂತಳು. "ನಾನು ನೋಡ್ತೀನಿ ಮೇಡಂ. ನಿಮ್ಮ ಬೆರಳು ಎಲ್ಲಿದೆ ಅಂತ ಹೇಳ್ತೀನಿ" ಎಂದಳು. ಕೋಣೆಯ ಕೊನೆಯವರೆಗೂ ಕೇಳಿಸಿತು.

"ಹೇಳು."

"ತುಟಿ ಮೇಲಿದೆ. ಇನ್ನೂ ಸ್ವಲ್ಪ ಒಳಗೆ. ಹಾಂ, ಹಲ್ಲಿನ ಮೇಲಿದೆ ಈಗ. ಒತ್ತಿ."

ನನಗೆ ಹಲ್ಲು ತಿಳಿಯಲಿಲ್ಲ. ಅವಳ ಮಾತು ನಂಬಿ ಒತ್ತಿದೆ. ಬಾಯಿ ತೆರೆಯಿತು. ಹೆಬ್ಬೆರಳಿನಿಂದ ಗದ್ದದ ಕೆಳಗಿಂದ ಮೇಲಕ್ಕೆ ಒತ್ತಿದೆ.

"ಇದೆ ಮೇಡಂ! ನೀಲಿ ದಾರ. ನಾಲಿಗೆ ಬುಡಕ್ಕೆ ಸುತ್ತಿದೆ, ಮಾಂಸದೊಳಗೆ ಹೂತಿದೆ."

ಗಡಿಬಿಡಿ ಕೈ ಚಾಚಿದ. "ಎಳೀಬೇಡ!" ಎಂದು ನಾನು, ಅವಳು ಇಬ್ಬರೂ ಒಟ್ಟಿಗೆ ಕೂಗಿದೆವು. ಎಳೆದರೆ ಒಳಗೆ ಕರುಳು ಸೀಳುತ್ತದೆ. ಅದನ್ನು ಅವಳಿಗೆ ಹೇಳಿಕೊಟ್ಟವರು ಯಾರೋ. ಲಾಡಿಯ ವಿಷಯ ತಲೆಗೆ ಹೋದವರಿಗೆ ತಾನಾಗಿಯೇ ತಿಳಿಯಬಹುದು.

ಶಸ್ತ್ರಚಿಕಿತ್ಸೆ ವಿಭಾಗದವರು ತಕ್ಷಣ ಒಳಗೆ ತೆಗೆದುಕೊಂಡರು. ಟೈಲರ್ ಹೊರಗಿನ ಬೆಂಚಿನಲ್ಲಿ ಕುಳಿತಿದ್ದರು. ಪಕ್ಕದಲ್ಲಿ ಹೋಗಿ ಕುಳಿತೆ. "ನನ್ನಿಂದ ಒಂದು ದಿನ ಹಾಳಾಯಿತು" ಎಂದೆ. ಅವರು, "ನನ್ನ ಅಂಗಡಿ ದಾರ ಅಲ್ವಾ" ಎಂದರು. ತೋಳಿಗೆ ಅಂಟಿದ್ದ ದಾರದ ತುಂಡುಗಳನ್ನು ಒಂದೊಂದಾಗಿ ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಿದ್ದರು.

ಮಧ್ಯಾಹ್ನದ ಹೊತ್ತಿಗೆ ಹೊರಗೆ ತಂದರು. ಕರುಳನ್ನು ಮೂರು ಕಡೆ ಕೊಯ್ದು ದಾರ ತೆಗೆದರಂತೆ. ಒಂದು ಕಡೆ ತೂತು ಬೀಳುವುದರಲ್ಲಿತ್ತು. ಇನ್ನೊಂದು ದಿನ ಬಿಟ್ಟಿದ್ದರೆ ಇಲ್ಲ ಎಂದರು.

ಜುಲೈ 13, ಶನಿವಾರ

ಬೆಕ್ಕು ತಲೆ ಎತ್ತಿತು. ನೀರು ನೆಕ್ಕಿತು.

ಹೆಡ್ಡಿನ ಕೋಣೆಗೆ ನಾನಾಗಿಯೇ ಹೋದೆ. ಬೆರಳಿನ ವಿಷಯ, ಸುಳ್ಳು, ಗಟ್ಟಿ ಮಲ, ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದಿಟ್ಟರು. "ಹೊಟ್ಟೆ ಮುಟ್ಟಿ ನೋಡೋಕೆ ಆಗದೋರು ಹೊಟ್ಟೆ ಪಾಠ ಮಾಡೋದು ಹೇಗೆ ಮೇಡಂ?"

"ಗೊತ್ತಿಲ್ಲ ಸರ್. ಆ ಮೇಜು ಇನ್ನೂ ಖಾಲಿ ಇದ್ದರೆ ಹೋಗ್ತೀನಿ."

"ಆ ಹುಡುಗಿಗೆ ಹೇಗೆ ಸಿಕ್ತು? ಮೂರನೇ ವರ್ಷದವರಿಗೆ ಅದು ಸಿಗೋದಿಲ್ಲ. ನನಗೂ ಸಿಕ್ಕಿರಲಿಲ್ಲ ಆ ವಯಸ್ಸಲ್ಲಿ. ಹಾಗೆ ಮುಟ್ಟಿ ಮುಟ್ಟಿ ಹೇಳೋದನ್ನ ಯಾರು ಕಲಿಸಿದ್ದು?"

"ಯಾರೂ ಕಲಿಸಿಲ್ಲ ಸರ್. ನನಗೆ ಗೊತ್ತಾಗ್ತಿರಲಿಲ್ಲ, ಅದಕ್ಕೆ ಕೇಳ್ತಾ ಇದ್ದೆ. ಅವರು ಹೇಳ್ತಾ ಇದ್ದರು."

ಅವರು ನನ್ನನ್ನೇ ನೋಡಿ ನಗತೊಡಗಿದರು. ಇದರಲ್ಲಿ ನಗುವಂಥದ್ದು ಏನಿತ್ತೋ. ಆಮೇಲೆ, "ಪಾಠ ನಿಮ್ಮದೇ. ಆದ್ರೆ ಮನೆಗೆ ಹೋಗೋ ಪ್ರತಿ ಪ್ರಾಣಿ ಮೇಲೂ ಒಬ್ಬ ಅಧ್ಯಾಪಕರ ಕೈ ಆಡಿರಬೇಕು, ಅದರಲ್ಲಿ ರಿಯಾಯಿತಿ ಇಲ್ಲ. ಬೇರೆ ಯಾರಿಗೂ ಪುರುಸೊತ್ತಿಲ್ಲ. ನಾನೇ ಬರ್ತೀನಿ" ಎಂದರು. ಅವರು ನಾಯಿ ಮುಟ್ಟಿ ಎಷ್ಟು ವರ್ಷವಾಯಿತೆಂದು ಕೇಳುವ ಧೈರ್ಯ ನನಗಾಗಲಿಲ್ಲ.

ಜುಲೈ 22, ಸೋಮವಾರ

ಬಾಯಿ ಮತ್ತೆ ಅದರ ಜಾಗಕ್ಕೆ ಬಂದಿದೆ, ಮೂಗಾದ ಮೇಲೆ. ಇಡೀ ಬ್ಯಾಚು ಕಾವಲುಗಾರನ ನಾಯಿಯ ನಾಲಿಗೆ ನೋಡಿತು. ಅದು ನಿದ್ದೆಗೆಟ್ಟು ಬೇಸರಪಟ್ಟುಕೊಂಡಿತು. ಆಮೇಲೆ ಬೆಕ್ಕು. ತೋರಿಸಿಕೊಟ್ಟವಳು ನಾನೇ. ಕೈ ಒಂದು ಕ್ಷಣ ನಿಂತಿತು, ಆಮೇಲೆ ಹೋಯಿತು.

ಹೆಡ್ಡು ಪೆಟ್ಟಿಗೆಯ ತಳದಿಂದ ತೆಗೆದ ಹಳೇ ಸ್ಟೆತಾಸ್ಕೋಪ್ ಹಾಕಿಕೊಂಡು ಬಂದಿದ್ದರು, ರಬ್ಬರು ಬಿರುಕು ಬಿಟ್ಟಿತ್ತು. ಗಂಭೀರವಾಗಿ ನಾಯಿಯ ಹೊಟ್ಟೆ ಒತ್ತಿ, "ನಾರ್ಮಲ್" ಎಂದರು.

ಪಿಸುಮಾತು ಹೇಳಿದಳು, "ಸರ್, ಈ ಕೋಣೆಯಲ್ಲಿ ಆ ಮಾತು ನಡೆಯೋದಿಲ್ಲ. ಕೈಗೆ ಏನು ಸಿಗ್ತಿದೆ, ಅದನ್ನ ಹೇಳಿ."

ಹೆಡ್ಡು ನನ್ನ ಕಡೆ ನೋಡಿದರು. ನಾನು ಕಿಟಕಿಯ ಕಡೆ ನೋಡಿದೆ. ಅವರು ಮತ್ತೆ ಕೈ ಇಟ್ಟರು, ಈ ಸಲ ನಿಧಾನವಾಗಿ. ಆ ಹುಡುಗಿಗೆ ಇಟ್ಟ ಅಡ್ಡಹೆಸರು ಬದಲಿಸಬೇಕು. ಇನ್ನೊಂದು ಹೊಳೆದಿಲ್ಲ.

ಟೈಲರ್ ಬಂದಿದ್ದರು, ಹೊಲಿಗೆ ಬಿಚ್ಚಿಸಲು. ಯಜಮಾನಿ ಅವರ ಹೆಗಲ ಮೇಲೆ. ದಾರದ ಉಂಡೆಗಳನ್ನೆಲ್ಲ ಮುಚ್ಚಳದ ಡಬ್ಬಿಗೆ ಹಾಕಿದ್ದಾರಂತೆ. ನನಗೆ ಈ ಸಲ ಒಂದೇ ಸಲ ಕೈ ಮುಗಿದರು. ಅಷ್ಟು ಸರಿಯಾದದ್ದೇ. ಪಿಸುಮಾತಿನ ಕೈ ಹಿಡಿದು ಬಹಳ ಹೊತ್ತು ಬಿಡಲಿಲ್ಲ.

ಆಗಸ್ಟ್ 5, ಸೋಮವಾರ

ಕೈಯ ಡಾಕ್ಟರು ಬೆರಳಿಗೆ ಸೂಜಿಮೊನೆ ಮುಟ್ಟಿಸಿ ನೋಡಿದರು. ಹೆಬ್ಬೆರಳ ಕಡೆಯ ಅಂಚಿನಲ್ಲಿ ಏನೋ ಇದೆ ಎನ್ನಿಸಿತು, ಖಾತ್ರಿಯಿಲ್ಲ. ತುದಿಯಲ್ಲಿ ಇಲ್ಲ. ಬರಲಿಕ್ಕಿಲ್ಲ ಎಂದು ಅವರು ಹೇಳಲಿಲ್ಲ, ನನಗೆ ಆ ಮುಖ ಓದಲು ಬರುತ್ತದೆ. "ಬೆರಳು ಚೆನ್ನಾಗಿ ಬಗ್ತಿದೆ. ಇನ್ನು ಬರೆಯೋ ಕಷ್ಟ ಬೇಡ" ಎಂದರು.

ಮನೆಗೆ ಬಂದು ಇವರಿಗೆ ಎಲ್ಲವನ್ನೂ ಹೇಳಿದೆ, ಬೇಸಿನ್ ಸಮೇತ. ಇವರು, "ಗೊತ್ತಿತ್ತು" ಎಂದರು. "ಹಾಲಿನ ಪಾತ್ರೆ ದಿವಸದಿಂದ." ಮತ್ತೆ ಹೇಳಲಿಲ್ಲವೇಕೆ ಎಂದರೆ, "ನೀನೇ ಹೇಳ್ತೀಯಾ ಅಂತ ಕಾಯ್ತಾ ಇದ್ದೆ. ಕಾದು ನೋಡೋಣ ಅಂತ ನೀನೇ ಹೇಳ್ತೀಯಲ್ಲ ಎಲ್ಲರಿಗೂ" ಎಂದರು. ಹಾಲು, ಬಿಸಿ ಪಾತ್ರೆಗಳು, ಲಾಡಿಯ ಗಂಟು. ನನ್ನ ಮನೆಯಲ್ಲೇ ನಾನು ದೂರದಿಂದ ಒಂದು ಸಲವೂ ಸರಿಯಾಗಿ ನೋಡಿರಲಿಲ್ಲ.

ಸಂಜೆ ಅಭ್ಯಾಸಬಲದಿಂದ ಪುಸ್ತಕ ತೆರೆದರೆ, "ಹುಡುಕು ನೋಡೋಣ, ಇಟ್ಟಿದ್ದೀನಿ" ಎಂದರು. ಈ ಪುಟದ ಕೆಳಗೆ, ತಾವಾಗಿಯೇ ಒಂದು ಕೂದಲು ಕಿತ್ತು. ಬೆರಳಾಡಿಸಿದೆ. ಇಲ್ಲ. ಇವರ ತೋರುಬೆರಳು ಹಿಡಿದು ತಂದು ಹಾಳೆಯ ಮೇಲಿಟ್ಟೆ.

"ನೀವು ಹೇಳಿ. ಏನು ಸಿಗ್ತಿದೆ?"

ಕಣ್ಣು ಮುಚ್ಚಿಕೊಂಡರು. "ಇಲ್ಲೊಂದು ಸಣ್ಣ ಏರು ಇದೆ. ನೇರ ಹೋಗಿ, ಇಲ್ಲಿ ಬಾಗುತ್ತೆ. ಆಮೇಲೆ ಇಲ್ಲ."

"ಇಲ್ಲ ಅಂದ್ರೆ? ಮುಗೀತಾ?"

"ಮುಗಿದಿಲ್ಲ. ಬೆರಳಿಗೆ ತಪ್ಪಿಹೋಯ್ತು. ತಡಿ, ಹುಡುಕ್ತೀನಿ."

ತಡೆಯುತ್ತೇನೆ ಎಂದೆ. ಇವರ ಬೆರಳು ಇನ್ನೂ ಈ ಪುಟದ ಮೇಲೇ ಇದೆ. ಅದನ್ನು ಬಿಟ್ಟು, ಸುತ್ತಲಿನ ಜಾಗದಲ್ಲಿ ಬರೆಯುತ್ತಿದ್ದೇನೆ.